ಬೂತಾಯಿ ಎಣ್ಣೆಯ ಬೈಕು

ಆಗ ನನಗೆ ಅರವತ್ತೆರಡು. ಈಗ ಅದಕ್ಕೆ ಎಂಟು ವರ್ಷ ಆಯಿತು. ನನ್ನ ತಮ್ಮ ನನಗಿಂತ ಮೂರು ವರ್ಷಕ್ಕೆ ಚಿಕ್ಕವನು, ಬುದ್ಧಿಯಲ್ಲಿ ಒಂದು ನಲವತ್ತು ವರ್ಷಕ್ಕೆ ಚಿಕ್ಕವನು. ಅವನ ಹೆಸರು ಬರೆಯುವುದಿಲ್ಲ. ಬರೆದರೆ ಈ ಕಾಗದ ಹಿಡಿದುಕೊಂಡು ಇಡೀ ಕಾಪು ಊರು ತಿರುಗುತ್ತಾನೆ. ದೇವರ ದೀಪಕ್ಕೆ ಅವನು ಈ ಜನ್ಮದಲ್ಲಿ ಹಾಕಿದ ಎಣ್ಣೆ ಒಂದು ಚಮಚ ಆದೀತು. ಅವನು ಬೈಕಿಗೆ ಉಜ್ಜಿದ ಎಣ್ಣೆಯಲ್ಲಿ ಊರಿನ ಅಷ್ಟೂ ದೇವರಿಗೆ ವರ್ಷಪೂರ್ತಿ ದೀಪ ಉರಿಸಬಹುದಿತ್ತು. ಆದರೆ ಆ ದೀಪದ ಹತ್ತಿರ ಯಾವ ದೇವರು ತಾನೇ ಕೂರುತ್ತಿದ್ದ? ಅದು ಬೂತಾಯಿ ಮೀನಿನ ಎಣ್ಣೆ!

ಆ ವರ್ಷ ನಾನೊಂದು ತೀರ್ಮಾನ ಮಾಡಬೇಕಾಗಿತ್ತು. ತಮ್ಮನ ಕೈಯಿಂದ ಬೈಕಿನ ಕೀ ತೆಗೆದುಕೊಳ್ಳುವುದೋ, ಬಿಡುವುದೋ. ನಮ್ಮಲ್ಲಿ ಮನೆ ಹೆಣ್ಣಿನ ಪಾಲಿಗೆ ಬರುವುದು. ಅಮ್ಮನ ಮನೆ ನನಗೆ ಬಂತು. ಬಾವಿ, ನಾಲ್ಕು ತೆಂಗಿನಮರ ಬಂದ ಹಾಗೆಯೇ ಮದುವೆಯಾಗದ ತಮ್ಮನೂ ಮನೆಯ ಜೊತೆಗೇ ಬಂದ. ಹಾಗಾಗಿ ನಾನು ಕೀ ಕೊಡು ಎಂದರೆ ಅವನು ಕೊಡಲೇಬೇಕು. ಈ ವಿಷಯದಲ್ಲಿ ಹಠ ಹಿಡಿದವಳು ನನ್ನ ಮಗಳು, ಇನ್ನಂಜೆಗೆ ಮದುವೆಯಾಗಿ ಹೋದವಳು. ವಾರಕ್ಕೊಮ್ಮೆ ಬಂದು ಜಗಲಿಯಲ್ಲಿ ವಕೀಲರ ಹಾಗೆ ಕೂರುತ್ತಿದ್ದಳು.

"ಅಮ್ಮ, ಮಾವನ ಬೈಕಿನ ಎಡಗಡೆಯ ಕನ್ನಡಿ ಒಡೆದದ್ದು ಈ ತಿಂಗಳಲ್ಲಿ ಎಷ್ಟನೇ ಸಲ?"

"ಮೂರನೇ ಸಲ."

"ಯಾವಾಗಲೂ ಎಡಗಡೆಯದ್ದೇ ಯಾಕೆ ಒಡೀತದೆ?"

ತಮ್ಮ ಒಳಗಿನಿಂದ ಕೂಗಿದ: "ಬಲಗಡೆಯದ್ದು ಗಟ್ಟಿ ಉಂಟು, ಅದಕ್ಕೆ!"

ಬೈಕ್ ಬೇಕಾದದ್ದು ಅವನೊಬ್ಬನಿಗೇ ಅಲ್ಲ. ನಾನು ಮೀನು ಮಾರುವವಳು. ಬೆಳಿಗ್ಗೆ ಉಚ್ಚಿಲದಲ್ಲಿ ಮೀನು ಕೊಂಡರೆ, ಕಾರ್ಕಳದ ಕಡೆಯ ಮನೆಗಳಿಗೆ ಹೋಗಿ ಕೊಟ್ಟು ಬರಬೇಕು. ಬಸ್ಸಿನಲ್ಲಿ ಕಂಡಕ್ಟರು "ಬುಟ್ಟಿ ಹಿಂದೆ, ಬುಟ್ಟಿ ಹಿಂದೆ" ಅನ್ನುತ್ತಾನೆ. ಬುಟ್ಟಿಯ ಜೊತೆಗೆ ನಾನೂ ಹಿಂದೆ. ಬೈಕಿನಲ್ಲಾದರೆ ನನ್ನ ಬೆನ್ನಿಗೆ ಮಂಜುಗಡ್ಡೆ ಹಾಕಿದ ಬುಟ್ಟಿ, ನನ್ನೆದುರಿಗೆ ತಮ್ಮನ ಬೆನ್ನು. ಸೆಕೆಗಾಲಕ್ಕೆ ಅಷ್ಟು ತಂಪಾದ ಸೀಟು ಯಾವ ಬಸ್ಸಿನಲ್ಲಿ ಉಂಟು?

ಈಗ ಎಣ್ಣೆಯ ಸಂಗತಿ. ತಮ್ಮ ಮೂವತ್ತು ವರ್ಷ ಬೋಟಿನಲ್ಲಿ ಇಂಜಿನ್ ನೋಡಿಕೊಂಡವನು. ಮರದ ದೋಣಿಗೆ ಮೀನೆಣ್ಣೆ ಉಜ್ಜುವುದು ನಮ್ಮ ಕಡೆಯ ಹಳೆಯ ಕ್ರಮ. ಉಜ್ಜಿದರೆ ಉಪ್ಪುನೀರು ಮರವನ್ನು ತಿನ್ನುವುದಿಲ್ಲ. ಕಡಲಿನ ಗಾಳಿ ಕಬ್ಬಿಣವನ್ನೂ ತಿನ್ನುತ್ತದೆ, ಅದು ನಿಜ. ನಮ್ಮ ಮನೆಯ ಕಿಟಕಿಯ ಸರಳು ಮುಟ್ಟಿದರೆ ಹಪ್ಪಳದ ಹಾಗೆ ಪುಡಿಯಾಗುತ್ತದೆ. ಹಾಗಂತ ಬೈಕಿಗೂ ಮೀನೆಣ್ಣೆಯೇ? ಚೈನಿಗೆ, ರಿಮ್ಮಿಗೆ, ಸೈಲೆನ್ಸರಿಗೆ, ಕೊನೆಗೆ ನಂಬರ್ ಪ್ಲೇಟಿಗೂ! ಬೈಕು ಹೊಸ ಮದುಮಗನ ಹಾಗೆ ಹೊಳೆಯುತ್ತಿತ್ತು, ಸುಳ್ಳು ಹೇಳುವುದಿಲ್ಲ. ಸೈಲೆನ್ಸರ್ ಬಿಸಿಯಾದ ಮೇಲೆ ಮಾತ್ರ ಅದು ಬೈಕಾಗಿ ಉಳಿಯುತ್ತಿರಲಿಲ್ಲ, ಬೂತಾಯಿ ಕಾಯಿಸುವ ಕಾವಲಿಯಾಗುತ್ತಿತ್ತು.

ಮಗಳ ಕಾಟ ತಡೆಯಲಾಗದೆ ಒಂದು ದಿನ ಅವನು ಮಣಿಪಾಲಕ್ಕೆ ಹೋಗಿ ಕಣ್ಣು ತೋರಿಸಲು ಒಪ್ಪಿದ. ನಾನೂ ಜೊತೆಗೆ ಹೋದೆ. ಆಸ್ಪತ್ರೆಯ ಎದುರು ಬೈಕ್ ನಿಲ್ಲಿಸಿ, ಚೀಟಿ ಮಾಡಿಸಿ, ಸಾಲಿನಲ್ಲಿ ಕೂತೆವು. ಅರ್ಧ ಗಂಟೆಯಲ್ಲಿ ಕಾವಲಿನವನು ಓಡಿ ಬಂದ.

"ಕಪ್ಪು ಬೈಕ್ ಯಾರದ್ದು? ಬೇಗ ಬನ್ನಿ ಮಾರಾಯ್ರೇ!"

ಹೋಗಿ ನೋಡಿದರೆ ಹನ್ನೊಂದು ಬೆಕ್ಕು. ಸೀಟಿನ ಮೇಲೆ ಎರಡು, ಟ್ಯಾಂಕಿನ ಮೇಲೆ ಒಂದು, ಉಳಿದವು ಚೈನಿನ ಹತ್ತಿರ ಪಂಕ್ತಿಯಲ್ಲಿ ಊಟಕ್ಕೆ ಕೂತ ಹಾಗೆ. ಬಿಳಿ ಕೋಟು ಹಾಕಿದ ಹುಡುಗಿಯರು ಮೂಗು ಮುಚ್ಚಿಕೊಂಡು ಫೋಟೋ ತೆಗೆಯುತ್ತಿದ್ದರು. ಮೂಗು ಮುಚ್ಚಿಕೊಳ್ಳುವವರಿಗೆ ಫೋಟೋ ಯಾಕೆ ಬೇಕು, ನನಗೆ ಗೊತ್ತಿಲ್ಲ.

"ಅಕ್ಕ, ಇನ್ನು ಇಲ್ಲಿ ನಿಲ್ಲುವುದು ಮರ್ಯಾದೆ ಅಲ್ಲ," ಎಂದು ತಮ್ಮ ಬೈಕ್ ತಿರುಗಿಸಿಯೇಬಿಟ್ಟ. ಮಗಳಿಗೆ ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ: ಡಾಕ್ಟರು ನೋಡುವ ಮೊದಲೇ ಬೆಕ್ಕುಗಳು ನೋಡಿ ಮುಗಿಸಿದವು.

ಅವಳು ನಗಲಿಲ್ಲ. "ಇವತ್ತೇ ಕೀ ತೆಗೆದಿಡು ಅಮ್ಮ. ಒಂದು ದಿನ ಇಬ್ಬರೂ ಒಟ್ಟಿಗೆ ಲಾರಿಯಡಿಗೆ ಹೋಗ್ತೀರಿ."

"ಒಂದು ತಿಂಗಳು ನಾನು ಹಿಂದೆ ಕೂತು ನೋಡ್ತೇನೆ. ಆಮೇಲೆ ಹೇಳ್ತೇನೆ," ಎಂದೆ. ಮೀನು ಕೊಳ್ಳುವಾಗ ಕಿವಿರು ಎತ್ತಿ ನೋಡದೆ ಮಾತಾಡುವವಳಲ್ಲ ನಾನು.

ಹಾಗೆ ಒಂದು ತಿಂಗಳು ನೋಡಿದೆ. ಎಂತ ನೋಡಿದೆ? ಅವನು ಬೈಕ್ ಬಿಡುತ್ತಿರಲಿಲ್ಲ, ಬೋಟ್ ಬಿಡುತ್ತಿದ್ದ! ಕಡಲಿಗೆ ಇಳಿಯುವವರನ್ನು ಎಲ್ಲಿಗೆ ಎಂದು ಕೇಳಬಾರದು. ಕೇಳಿದರೆ ಬಲೆ ಖಾಲಿ, ಇಂಜಿನ್ ಕೆಡುತ್ತದೆ, ಗಾಳಿ ತಿರುಗುತ್ತದೆ. ಕೇಳಿಬಿಟ್ಟರೆ ಹಿಂದೆ ಬಂದು, ಸ್ವಲ್ಪ ಹೊತ್ತು ಕೂತು, ನೀರು ಕುಡಿದು, ಹೊಸದಾಗಿ ಹೊರಡಬೇಕು. ತಮ್ಮ ಈ ಕಾನೂನನ್ನು ಡಾಮರು ರಸ್ತೆಗೂ ತಂದಿದ್ದ. ಹಿಂದೆ ಕೂತ ನಾನೂ ಕೇಳುವ ಹಾಗಿಲ್ಲ.

ಒಂದು ಬುಧವಾರ ಬೋಟು ತಡವಾಗಿ ಬಂದು ನಾವು ಹೊರಟದ್ದೇ ಮಧ್ಯಾಹ್ನದ ಮೇಲೆ, ಬುಟ್ಟಿಯ ತುಂಬ ಬಂಗುಡೆ. ಶಿರ್ವ ದಾಟಿದೆವು, ಕಾರ್ಕಳ ಬಂತು. ನನ್ನ ಗಿರಾಕಿಗಳ ಮನೆಯ ದಾರಿ ಕಂಡಿತು. ದಾರಿ ಹಿಂದೆ ಹೋಯಿತು. ಎಲ್ಲಿಗೆ ಎಂದು ಮಾತ್ರ ಕೇಳದೆ ನಾನು ಬಾಯಿ ಕಚ್ಚಿ ಕೂತೆ. ಕೇಳಿದರೆ ಪುನಃ ಕಾಪುವಿಗೆ ಹೋಗಿ ನೀರು ಕುಡಿಯಬೇಕಲ್ಲ! ಹೆಬ್ರಿಯೂ ಹೋಯಿತು, ಗಾಳಿ ತಂಪಾಯಿತು, ರಸ್ತೆ ಹಾವಿನ ಹಾಗೆ ಮೇಲೆ ಹತ್ತಿತು. ಅವನು ನಿಲ್ಲಿಸಿದ್ದು ಆಗುಂಬೆಯಲ್ಲಿ.

"ಎಂತ ಮಾರಾಯ ಇದು?"

"ಬೈಕ್ ಚೆನ್ನಾಗಿ ಓಡ್ತಾ ಇತ್ತು ಅಕ್ಕ. ನಿಲ್ಲಿಸ್ಲಿಕ್ಕೆ ಮನಸ್ಸು ಬರ್ಲಿಲ್ಲ."

ಮಂಗಗಳು ಬುಟ್ಟಿ ಇಣುಕಿ ನೋಡಿ ಮುಖ ತಿರುಗಿಸಿ ಹೋದವು. ನಾನು ಅಲ್ಲೇ ರಸ್ತೆಯ ಬದಿಗೆ ಬುಟ್ಟಿ ಇಟ್ಟು ಕೂತೆ. ಸೂರ್ಯಾಸ್ತ ನೋಡಲು ಬಂದವರು ಬಂಗುಡೆ ನೋಡಿ ಕೊಂಡುಹೋದರು. ಸೂರ್ಯ ದಿನಾ ಸಿಗುತ್ತಾನೆ, ಘಟ್ಟದ ಮೇಲೆ ಅಷ್ಟು ತಾಜಾ ಬಂಗುಡೆ ಸಿಗುತ್ತದಾ?

ಇನ್ನೊಂದು ದಿನ ಹೆದ್ದಾರಿಯಲ್ಲಿ ಪೊಲೀಸರು ಕೈ ಅಡ್ಡ ಹಿಡಿದರು. ಹೆಲ್ಮೆಟ್ ಇತ್ತು, ಕಾಗದ ಇತ್ತು. ಎಲ್ಲ ಸರಿ ಉಂಟು ಎಂದ ಮೇಲೆ ಆ ಪುಣ್ಯಾತ್ಮ ಸುಮ್ಮನೆ ಬಿಡಬೇಕೋ ಬೇಡವೋ?

"ಎಲ್ಲಿಗೆ ಹೊರಟದ್ದು ಯಜಮಾನ್ರೇ?"

ತಮ್ಮ ಇಂಜಿನ್ ಆಫ್ ಮಾಡಿದ. "ಕೇಳಿಬಿಟ್ರಲ್ಲ ಸಾರ್!" ಎಂದು ತಲೆಗೆ ಕೈ ಹಚ್ಚಿದ. ಗಾಡಿ ತಿರುಗಿಸಿ ಸೀದಾ ಮನೆಗೆ ಬಂದೆವು. ಜಗಲಿಯಲ್ಲಿ ಕೂತ, ನೀರು ಕುಡಿದ, ಪುನಃ ಹೊರಟ. ಅದೇ ಜಾಗದಲ್ಲಿ ಅದೇ ಪೊಲೀಸರು. ನಮ್ಮನ್ನು ಕಂಡವರೇ ಎರಡೂ ಕೈ ಎತ್ತಿದರು: "ಹೋಗಿ ಮಾರಾಯ್ರೇ, ನಾನು ಎಂತದೂ ಕೇಳುವುದಿಲ್ಲ!"

ತಿಂಗಳಾಯಿತು. ಮಗಳು ತೀರ್ಪಿಗೆ ಬಂದು ಕೂತಳು. ನಾನು ಬಾಯಿ ತೆರೆಯುವ ಮೊದಲೇ ತಮ್ಮ ಒಂದು ಪಂಥ ಹಾಕಿದ. ಮಣಿಪಾಲದ ಕಾಲೇಜು ಹುಡುಗರು ಕೆಲವರು ಅವನ ಹತ್ತಿರ ಬೈಕ್ ತರುತ್ತಿದ್ದರು. ಸ್ಕ್ರೂಡ್ರೈವರಿನ ಒಂದು ತುದಿ ಇಂಜಿನಿಗೆ, ಇನ್ನೊಂದು ತುದಿ ಕಿವಿಗೆ ಇಟ್ಟು ರೋಗ ಹೇಳುವವನು ಅವನು. ಆ ಹುಡುಗರು ಕಾರ್ಕಳದ ಆಚೆ, ಕೆಂಪುಕಲ್ಲು ತೆಗೆದು ಬಿಟ್ಟ ಒಂದು ಕೋರೆಯಲ್ಲಿ ಟಯರ್ ಇಟ್ಟು ಟ್ರ್ಯಾಕ್ ಮಾಡಿ, ಭಾನುವಾರ ಸುತ್ತು ಹಾಕುತ್ತಿದ್ದರು.

"ಆ ಹುಡುಗರ ಜೊತೆ ಹತ್ತು ಸುತ್ತು ಹಾಕ್ತೇನೆ. ಬಿದ್ದರೆ, ಒಂದು ಟಯರಿಗೆ ತಾಗಿದರೂ, ಕೀ ನಿನ್ನ ಅಮ್ಮನಿಗೆ. ಬೀಳದೆ ಬಂದರೆ ನೀನು ಈ ವಿಷಯ ಎತ್ತಬಾರದು," ಎಂದ ಮಗಳಿಗೆ.

"ಸರಿ ಮಾವ. ಅಮ್ಮ ಸಾಕ್ಷಿ."

ಭಾನುವಾರ ಮೂವರೂ ಹೋದೆವು. ಹುಡುಗರು ಮೊಣಕೈಗೆ, ಮೊಣಕಾಲಿಗೆ ಎಂತೆಂತದೋ ಕಟ್ಟಿಕೊಂಡು ಆಮೆಗಳ ಹಾಗೆ ನಿಂತಿದ್ದರು. "ಅಂಕಲ್, ಜಾಕೆಟ್ ಬೇಕಾಗ್ತದೆ," ಎಂದರು. ತಮ್ಮ ಚೀಲದಿಂದ ಜಾಕೆಟ್ ತೆಗೆದ. ಬೋಟಿನ ಲೈಫ್ ಜಾಕೆಟ್! ಕಿತ್ತಳೆ ಬಣ್ಣ, ಎದೆಯ ಮೇಲೆ ಸೀಟಿ. ಕಾಲಿಗೆ ಬಂದರಿನ ಗಂಬೂಟು.

"ಅಂಕಲ್, ಇಲ್ಲಿ ನೀರಿಲ್ಲ!"

"ಬಿದ್ದರೆ ಮೆತ್ತಗೆ ಬೀಳಬೇಕು, ಅಷ್ಟೇ. ನೀರಾದರೆ ಎಂತ, ಕಲ್ಲಾದರೆ ಎಂತ?"

ಶುರುವಾಯಿತು. ಹುಡುಗರು ಕಂಬಳದ ಕೋಣಗಳ ಹಾಗೆ ಕೆಂಪು ಧೂಳೆಬ್ಬಿಸಿಕೊಂಡು ಹೋದರು. ನನ್ನ ತಮ್ಮ? ಪ್ರತಿ ತಿರುವಿಗೂ ಹಾರ್ನ್ ಹೊಡೆದು, ಬಲಗೈ ಚಾಚಿ ಸಿಗ್ನಲ್ ಕೊಟ್ಟು, ಮದುವೆಯ ದಿಬ್ಬಣದ ಕಾರಿನ ಹಾಗೆ ಹೋದ. ಅವನ ಒಂದು ಸುತ್ತಿಗೆ ಹುಡುಗರದ್ದು ನಾಲ್ಕು. ಒಬ್ಬ ಪಕ್ಕದಲ್ಲಿ ಬಂದು ಕೂಗಿದ: "ಅಂಕಲ್, ಹಾರ್ನ್ ಯಾಕೆ? ಇಲ್ಲಿ ಎದುರಿನಿಂದ ಯಾರೂ ಬರುವುದಿಲ್ಲ!"

"ಬರುವವರು ನಿನಗೆ ಹೇಳಿ ಬರ್ತಾರಾ?"

ಹತ್ತು ಸುತ್ತು ಮುಗಿಯಿತು. ಬೀಳಲಿಲ್ಲ. ಒಂದು ಟಯರಿಗೆ ಗಾಳಿಯೂ ತಾಗಲಿಲ್ಲ. ಹುಡುಗರು ಸೀಟಿ ಹೊಡೆದರು. ಮಗಳು ಮುಖ ಊದಿಸಿಕೊಂಡು, "ಆಯ್ತು, ಇನ್ನು ನಾನು ಮಾತಾಡುವುದಿಲ್ಲ," ಎಂದು ತಿರುಗಿ ನಿಂತಳು. ಆಗ ಒಬ್ಬ ಹುಡುಗ ಶರಬತ್ತಿನ ಗ್ಲಾಸ್ ತಂದು ತಮ್ಮನ ಎಡಗಡೆಯಿಂದ ಹಿಡಿದ. "ತಕ್ಕೊಳ್ಳಿ ಅಂಕಲ್." ತಮ್ಮ ಕೈ ಚಾಚಿದ. ಕೈ ಗ್ಲಾಸಿನಿಂದ ಒಂದು ಗೇಣು ಆಚೆ ಗಾಳಿಯನ್ನು ಹಿಡಿಯಿತು. ಹುಡುಗ ನಕ್ಕು, ಗ್ಲಾಸನ್ನು ಅವನ ಕೈಗೇ ಇಟ್ಟ. ಸುಸ್ತಾಗಿದೆ ಎಂದುಕೊಂಡಿರಬೇಕು. ನಾನು ನಗಲಿಲ್ಲ. ನಾನು ನೋಡಿದ್ದನ್ನು ತಮ್ಮ ನೋಡಿದ.

ಮಗಳು ಬಸ್ಸಿನಲ್ಲಿ ಇನ್ನಂಜೆಗೆ ಹೋದಳು. ನಾವಿಬ್ಬರೂ ಬೈಕಿನಲ್ಲಿ ಮನೆಗೆ ಬಂದೆವು. ಅವನು ಅವತ್ತಿನಷ್ಟು ನಿಧಾನ ಯಾವತ್ತೂ ಬಂದದ್ದಿಲ್ಲ. ಸೈಕಲಿನವರೂ ನಮ್ಮನ್ನು ದಾಟಿ ಹೋದರು. ಸಂಜೆ ನಾನು ಮಟ್ಟುಗುಳ್ಳ ಬದನೆ ಹೆಚ್ಚುತ್ತಾ ಕೂತಿದ್ದೆ. ಅವನು ಬಂದು ನನ್ನ ಎಡಗಡೆಗೆ, ನಾನು ಅವನಿಗೆ ಕಾಣುವ ಹಾಗೆ, ಕೂತ. ಕೀ ತೆಗೆದು ಮೆಟ್ಟುಕತ್ತಿಯ ಪಕ್ಕದಲ್ಲಿ ಇಟ್ಟ.

"ಗೆದ್ದದ್ದು ನೀನಲ್ಲವಾ?" ಎಂದೆ.

"ಆ ಕೋರೆಯಲ್ಲಿ ತಿರುವೆಲ್ಲ ಬಲಕ್ಕೆ ಅಕ್ಕ. ಮೊದಲೇ ಹೋಗಿ ನೋಡಿ ಬಂದಿದ್ದೆ."

"ಎಡಗಣ್ಣು ಎಷ್ಟು ಕಾಣ್ತದೆ?"

"ಇಲ್ಲ. ಎಂತದೂ ಇಲ್ಲ. ಒಂದು ವರ್ಷ ಆಯ್ತು. ಬೆಕ್ಕಿನ ಗಲಾಟೆಗೂ ಮೊದಲೇ ಒಬ್ಬನೇ ಬಸ್ಸಿನಲ್ಲಿ ಹೋಗಿ ತೋರಿಸಿದ್ದೆ. ನರ ಒಣಗಿದೆಯಂತೆ, ಇನ್ನು ಬರುವುದಿಲ್ಲವಂತೆ. ಬಲಗಣ್ಣಿಗೆ ಮದ್ದು ಕೊಟ್ಟಿದ್ದಾರೆ, ಅದು ಉಳೀತದೆ."

"ಮತ್ತೆ ಇಷ್ಟು ದಿನ ಹೇಗೆ ಬಿಟ್ಟೆ?"

"ನೀನು ಹೇಳ್ತಿದ್ದೆಯಲ್ಲ."

ಆಗ ನನಗೆ ಹೊಳೆಯಿತು. ಒಂದು ವರ್ಷದಿಂದ ದಾರಿಯುದ್ದಕ್ಕೂ "ಅಕ್ಕ, ಎಡಗಡೆ ಎಂತ ಉಂಟು?" ಎಂದು ಕೇಳುತ್ತಲೇ ಇದ್ದ. ಮಾತಿಗೆ ಕೇಳುತ್ತಾನೆ ಎಂದು ನಾನು ಹೇಳುತ್ತಲೇ ಇದ್ದೆ. ಲಾರಿ ನಿಂತಿದೆ, ದನ ಉಂಟು, ಹೆಂಗಸು ನೀರು ತರುತ್ತಿದ್ದಾಳೆ, ನಾಚಿಕೆಯಿಲ್ಲದವನೊಬ್ಬ ಚರಂಡಿಯ ಹತ್ತಿರ ನಿಂತಿದ್ದಾನೆ. ಬಾಯಿ ಮುಚ್ಚು ಮಾರಾಯ ಎಂದು ನಾನು ಸುಮ್ಮನೆ ಕೂತ ದಿನಗಳಲ್ಲೇ ಕನ್ನಡಿ ಒಡೆದದ್ದು.

"ಗೆದ್ದ ಮೇಲೆ ಕೀ ಯಾಕೆ ಕೊಡ್ತಿ?" ಎಂದು ಕೇಳಿದೆ.

"ಸೋತು ಕೊಡ್ಲಿಕ್ಕೆ ಮನಸ್ಸಿರಲಿಲ್ಲ. ನಾನು ಒಬ್ಬನೇ ಆದರೆ ಇನ್ನೂ ಬಿಡ್ತಿದ್ದೆ ಅಕ್ಕ. ಹಿಂದೆ ನೀನು ಕೂತಿರ್ತಿ."

ಇಷ್ಟು ಹೇಳಿ ಎದ್ದು ಹೋದ. ಅವತ್ತು ಊಟಕ್ಕೆ ಎರಡು ಸಲ ಕರೆದ ಮೇಲೆ ಬಂದ. ಗುಳ್ಳದ ಸಾರಿಗೆ ಉಪ್ಪು ಹಾಕಲು ನಾನು ಮರೆತಿದ್ದೆ. ಅವನು ಹಾಗೆಯೇ ಉಂಡ. ಉಪ್ಪಿಲ್ಲದಿದ್ದರೆ ಬಟ್ಟಲು ದೂಡುವವನು ಅವನು.

ಮರುದಿನ ಬೆಳಿಗ್ಗೆ ಎದ್ದಾಗ ಅಂಗಳದಲ್ಲಿ ಸದ್ದಿಲ್ಲ. ದಿನಾ ಅವನು ಕಿಕ್ಕರ್ ಮೆಟ್ಟುವ ಹೊತ್ತು ಅದು. ಅವನ ಕೋಣೆಯ ಬಾಗಿಲು ಹಾಕಿತ್ತು. ನಾನು ಬಸ್ಸಿಗೆ ಹೊರಟೆ, ಬುಟ್ಟಿ ಸೊಂಟಕ್ಕೇರಿಸಿ ಬೈಕಿನ ತನಕ ಬಂದೆ, ಬುಟ್ಟಿ ಕೆಳಗಿಟ್ಟೆ. ಮಳೆಗಾಲಕ್ಕೆ ಬೋಟನ್ನು ದಡಕ್ಕೆ ಹಾಕಿದರೂ ಯಾರಾದರೂ ಹೋಗಿ ಇಂಜಿನ್ ಶುರುಮಾಡಿ ಸ್ವಲ್ಪ ಹೊತ್ತು ಓಡಲು ಬಿಡುತ್ತಾರೆ. ಬಿಡದಿದ್ದರೆ ಇಂಜಿನ್ ತಿರುಗದ ಹಾಗೆ ಹಿಡಿದುಕೊಳ್ಳುತ್ತದೆ. ಮನುಷ್ಯರೂ ಹಾಗೆಯೇ ಅಂತೆಲ್ಲ ಹೇಳುವವಳು ನಾನಲ್ಲ.

ಸೀರೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಕೀ ತಿರುಗಿಸಿ, ಕಿಕ್ಕರ್ ಮೆಟ್ಟಿದೆ. ಎಂತದೂ ಆಗಲಿಲ್ಲ. ಪುನಃ ಮೆಟ್ಟಿದೆ. ಏಳನೇ ಸಲ ಅದು ತಿರುಗಿ ನನ್ನ ಕಾಲಿಗೇ ಹೊಡೆಯಿತು. ನಾನು ಬೈದದ್ದನ್ನು ಇಲ್ಲಿ ಬರೆಯುವುದಿಲ್ಲ. ಕೋಣೆಯೊಳಗಿನಿಂದ ಸ್ವರ ಬಂತು.

"ಅಕ್ಕ, ಚೋಕ್ ಎಳೆಯದೆ ಎಂತ ಮೆಟ್ಟುದು?"

"ಚೋಕ್ ಎಲ್ಲಿ ಉಂಟು ಅಂತ ನನಗೆ ಯಾರು ಹೇಳಿದ್ದಾರೆ?"

ಹೇಳಿದ. ಎಳೆದು ಮೆಟ್ಟಿದೆ. ಶುರುವಾಯಿತು. ನನ್ನ ಬಸ್ಸು ಹೋಗಿಯಾಗಿತ್ತು. ಅವನು ಬಾಗಿಲು ತೆಗೆದು ಹೊರಗೆ ಬರುವವರೆಗೆ ನಾನು ಆಫ್ ಮಾಡಲಿಲ್ಲ.