ಗುಂಡನ ಸಕ್ಕರೆ ತುಲಾಭಾರ

ನನ್ನನ್ನು ಪೇಚಿಗೆ ಸಿಕ್ಕಿಸುವುದೆಂದರೆ ನಮ್ಮ ದೇವರ ಮನೆಯ ಕೃಷ್ಣನಿಗೆ ಬಲು ಇಷ್ಟ. ಯಾಕೆ ಅಂತ ಕೇಳುವುದನ್ನು ಬಿಟ್ಟು ಬಹಳ ಕಾಲವಾಯಿತು. ಅದರಲ್ಲೂ ನಮ್ಮ ಬೆಕ್ಕು ಗುಂಡನಿಗೆ ಸಕ್ಕರೆ ಕಾಯಿಲೆ ಬಂದ ಮೇಲೆ, ಹಲಸೂರಿನ ನಮ್ಮ ಗಲ್ಲಿಯಲ್ಲಿ ಒಂದು ವಾರವೂ ಸುಮ್ಮನೆ ಕಳೆದದ್ದಿಲ್ಲ.

೧. ಹರಕೆ

ಗುಂಡ ಒಂದು ಕೃಷ್ಣಾಷ್ಟಮಿಯ ಸಂಜೆ ಎಲ್ಲಿಂದಲೋ ಬಂದು, ನೈವೇದ್ಯಕ್ಕೆ ಇಟ್ಟಿದ್ದ ಹಾಲಿನ ಬಟ್ಟಲಿಗೆ ನೇರವಾಗಿ ಬಾಯಿ ಹಾಕಿದವನು. ಕೃಷ್ಣನೇ ಕಳಿಸಿದ್ದು ಅಂದುಕೊಂಡೆ. ಆಮೇಲೆ ಎಂಟು ವರ್ಷ ಹಾಲನ್ನ, ಮೊಸರನ್ನ, ಶನಿವಾರದ ಸಿಹಿ ಪೊಂಗಲ್, ಎಲ್ಲದರಲ್ಲೂ ಅವನಿಗೊಂದು ಪಾಲು. ಹೋದ ವರ್ಷ ಇದ್ದಕ್ಕಿದ್ದಂತೆ ಬಟ್ಟಲುಗಟ್ಟಲೆ ನೀರು ಕುಡಿಯತೊಡಗಿದ. ಎಷ್ಟು ತಿಂದರೂ ಇಳಿದುಹೋದ. ಹಿಂಗಾಲು ಎಳೆದುಕೊಂಡು ನಡೆದ ದಿನ ಬುಟ್ಟಿಯಲ್ಲಿ ಹಾಕಿಕೊಂಡು ಇಂದಿರಾನಗರದ ಪ್ರಾಣಿಗಳ ಆಸ್ಪತ್ರೆಗೆ ಓಡಿದೆವು.

ಅಲ್ಲಿನ ಡಾಕ್ಟರಮ್ಮ ರಕ್ತ ನೋಡಿ ಹೇಳಿದರು: "ಆಂಟಿ, ಡಯಾಬಿಟಿಸ್. ಹನ್ನೆರಡು ಗಂಟೆಗೊಂದು ಸಲ ಇನ್ಸುಲಿನ್, ಒಂದೂ ತಪ್ಪಬಾರದು. ಅನ್ನ, ಹಾಲು, ಸಿಹಿ ಪೂರ್ತಿ ಬಂದ್. ಬೇಗ ಹತೋಟಿಗೆ ಬಂದರೆ ಕೆಲವು ಬೆಕ್ಕುಗಳಿಗೆ ಇನ್ಸುಲಿನ್ನೇ ನಿಂತುಹೋಗುತ್ತೆ. ಅಸಡ್ಡೆ ಮಾಡಿದ್ರೆ ಉಳಿಯಲ್ಲ."

ಪ್ರೀತಿ ಅಂದುಕೊಂಡು ಎಂಟು ವರ್ಷ ತಿನ್ನಿಸಿದ್ದು ನಾನೇ. ಅಲ್ಲೇ ಕಣ್ಣು ಮುಚ್ಚಿ ಹರಕೆ ಹೊತ್ತೆ: ಕೃಷ್ಣಾ, ಇವನಿಗೆ ಇನ್ಸುಲಿನ್ ನಿಲ್ಲಿಸು, ನಿನ್ನ ಗುಡಿಯಲ್ಲಿ ಇವನ ತುಲಾಭಾರ ಮಾಡಿಸುತ್ತೇನೆ. ವಾಪಸ್ ಬರುವಾಗ ಆಟೋದಲ್ಲಿ ಹರಕೆಯ ವಿಷಯ ಹೇಳಿದರೆ ನಮ್ಮ ಯಜಮಾನರು, ತುಲಾಭಾರ ಯಾತರಲ್ಲಿ ಅಂತ ಕೇಳಿದರು. ನಮ್ಮ ಮನೆತನದಲ್ಲಿ ಮೊದಲಿಂದಲೂ ಮಾಡಿಸುವುದು ಒಂದರಲ್ಲೇ. ಆಸ್ಪತ್ರೆಯಲ್ಲೂ ಮನಸ್ಸಿಗೆ ಬಂದದ್ದು ಅದೇ.

"ಸಕ್ಕರೇಲಿ" ಅಂದೆ.

೨. ಭಾಯ್ ಅಂಗಡಿ

ಅನ್ನವೂ ಬೇಡ, ಹಾಲೂ ಬೇಡ ಅಂದರೆ ಬೆಕ್ಕು ತಿನ್ನುವುದು ಏನನ್ನು? ಡಾಕ್ಟರಮ್ಮನ ಉತ್ತರ ಕೇಳಿ ಎರಡು ದಿನ ದೇವರ ಮನೆಯಿಂದ ಎದ್ದಿರಲಿಲ್ಲ. ಮೊಟ್ಟೆಯೂ ಹೊಸಿಲು ದಾಟದ ಮನೆ ನಮ್ಮದು. ಮೂರನೇ ದಿನ ಕೃಷ್ಣನಿಗೆ ಹೇಳಿಬಿಟ್ಟೆ: ಬೆಕ್ಕಿಗೆ ಮಾಂಸ ಅಂತ ಬರೆದವನು ನೀನು, ಮಧ್ಯೆ ಅನ್ನ ಹಾಕಿದವಳು ನಾನು, ಈಗ ತಿದ್ದಿಕೊಳ್ಳುತ್ತೇನೆ. ತಾರಸಿಯ ಮೇಲೆ ಬೇರೆ ಒಲೆ ಹೂಡಿದೆ, ಬೇರೆ ಪಾತ್ರೆ ತಂದೆ, ಸೆರಗಿನ ತುದಿಗೆ ಕರ್ಪೂರ ಕಟ್ಟಿಕೊಂಡು ಮೂಗಿಗೆ ಹಿಡಿದೆ.

ಕೋಳಿ ಅಂಗಡಿಯ ಭಾಯ್ ನನ್ನ ಕುಂಕುಮ, ತುಳಸಿ ಮಣಿ ನೋಡಿ, ದಾರಿ ತಪ್ಪಿ ಬಂದೆನೆಂದು ಹೂವಿನ ಅಂಗಡಿ ಕಡೆಗೆ ಕೈ ತೋರಿಸಿದರು. ಕಾಲು ಕೆಜಿ, ಮೂಳೆ ಇಲ್ಲದ್ದು ಅಂದೆ. ಮರುದಿನವೂ ಹೋದೆ, ಅದರ ಮರುದಿನವೂ ಹೋದೆ. ವಾರವಾದ ಮೇಲೆ ಹೇಗೆ ಮಾಡ್ತೀರಮ್ಮ ಅಂತ ಕೇಳಿದರು. ನೀರಲ್ಲಿ ಬೇಯಿಸಿ, ಡಾಕ್ಟರು ಕೊಟ್ಟ ಪುಡಿ ಬೆರೆಸೋದು ಅಂದೆ. ಉಪ್ಪು? ಇಲ್ಲ. ಈರುಳ್ಳಿ, ಬೆಳ್ಳುಳ್ಳಿ? ಮುಟ್ಟಿಸಲೇಬಾರದಂತೆ. ಯಾಕಮ್ಮ? ಸಕ್ಕರೆ ಕಾಯಿಲೆ, ಪಾಪ, ಬಾಯಿ ಬಿಟ್ಟು ಹೇಳೋಕೂ ಬರಲ್ಲ ಅಂದೆ.

ಹಿಂದೆ ಸ್ಕೂಟರ್ ಮೇಲೆ ಕೂತಿದ್ದ ಯಜಮಾನರನ್ನು ಭಾಯ್ ಬಹಳ ಹೊತ್ತು ನೋಡಿದರು. ನಾನು ಹೂವು ತರಲು ಆ ಕಡೆ ಹೋದಾಗ, ಒಂದು ಸಣ್ಣ ಪೊಟ್ಟಣ ಖಾರದ ಪುಡಿ ತಂದು ಅವರ ಜೇಬಿಗೆ ಹಾಕಿ ಮೆಲ್ಲಗೆ ಹೇಳಿದರಂತೆ: "ಅಮ್ಮ ಅಡಿಗೆ ಮನೇಲಿ ಇಲ್ದೇ ಇರುವಾಗ ಹಾಕ್ಕೊಳ್ಳಿ ಸಾರ್."

೩. ಗಂಟೆ

ಸೂಜಿ ಕಂಡರೆ ಗುಂಡ ಬೀರುವಿನ ತಲೆ ಮೇಲೆ. ಇಳಿಸುವಷ್ಟರಲ್ಲಿ ಹೊತ್ತು ಮೀರುತ್ತಿತ್ತು. ಹೊತ್ತು ಮೀರಲು ನಾನು ಬಿಡುವವಳಲ್ಲ. ಬೆಳಿಗ್ಗೆ ಆರು, ಸಂಜೆ ಆರು, ನಮ್ಮ ಮನೆಯ ಮಂಗಳಾರತಿಯ ಹೊತ್ತೂ ಅದೇ. ಆರತಿಯ ಗಂಟೆ ಬಾರಿಸಿದ ಕೂಡಲೇ ಅವನ ತಟ್ಟೆ ಇಡತೊಡಗಿದೆ. ಅವನು ತಿನ್ನುತ್ತಿರುವಾಗ ಯಜಮಾನರು ಬೆನ್ನ ಮೇಲಿನ ಚರ್ಮ ಎತ್ತಿ ಹಿಡಿಯುವುದು, ನಾನು ಕೃಷ್ಣಾ ಎಂದು ಚುಚ್ಚುವುದು. ಹತ್ತೇ ದಿನಕ್ಕೆ ಗಂಟೆ ಕೇಳಿದರೆ ಸಾಕು, ಎಲ್ಲಿದ್ದರೂ ಓಡಿ ಬಂದು ದೇವರ ಮುಂದೆ ಕೂತು ಕಣ್ಣು ಅರೆ ಮುಚ್ಚುವುದನ್ನು ಕಲಿತ. ಸಕ್ಕರೆ ನಾನೂರರಿಂದ ನೂರೆಂಬತ್ತಕ್ಕೆ ಇಳಿಯಿತು.

ಇದನ್ನು ಎದುರು ಮನೆಯ ಅಜ್ಜಿ ನೋಡಿಬಿಟ್ಟರು. ಹೋದ ಜನ್ಮದಲ್ಲಿ ಇವನು ದೊಡ್ಡ ಭಕ್ತ ಕಣಮ್ಮ ಅಂತ ಗಲ್ಲಿಗೆಲ್ಲ ಹೇಳಿದರು. ನನಗೂ ಕೇಳಲು ಹಿತವಾಗಿತ್ತು, ಸುಮ್ಮನಿದ್ದೆ. ಅದಕ್ಕೆ ಶಿಕ್ಷೆ ಬೇಗ ಸಿಕ್ಕಿತು. ಎರಡು ವಾರಕ್ಕೆ ಸಕ್ಕರೆ ಮತ್ತೆ ಮುನ್ನೂರ ನಲವತ್ತು. ಬೇರೆ ಯಾರಾದರೂ ಏನಾದರೂ ಕೊಡ್ತಿದ್ದಾರಾ ಅಂತ ಡಾಕ್ಟರಮ್ಮ ಕೇಳಿದರೆ, ಕೃಷ್ಣನಾಣೆ ಇಲ್ಲ ಅಂದೆ. ಮರುದಿನ ತಾರಸಿಯಿಂದ ಬಗ್ಗಿ ನೋಡುತ್ತೇನೆ, ಅಜ್ಜಿಯ ಮನೆ ಮೆಟ್ಟಿಲ ಮೇಲೆ ಗುಂಡನಿಗೆ ಪಾಯಸ ನಡೆಯುತ್ತಿದೆ. ಪಕ್ಕದ ಮನೆಯವರು ಕೇಸರಿಬಾತ್ ಹಿಡಿದು ಸರದಿಯಲ್ಲಿ ನಿಂತಿದ್ದಾರೆ.

ಸಕ್ಕರೆ ಕಾಯಿಲೆ ಇದೆ ಅಜ್ಜಿ, ಕೊಡಬೇಡಿ ಅಂತ ಬೇಡಿಕೊಂಡೆ. "ಪ್ರಸಾದದಲ್ಲಿರೋ ಸಕ್ಕರೆ ಏನೂ ಮಾಡಲ್ಲಮ್ಮ" ಅಂದರು. ಅದೇ ಮಾತನ್ನು ಇಪ್ಪತ್ತು ವರ್ಷದಿಂದ ಎಲ್ಲರಿಗೂ ಹೇಳಿಕೊಂಡು ಬಂದವಳು ನಾನೇ. ಮನೆಗೆ ಬಂದು ಕೃಷ್ಣನ ಮುಖ ನೋಡಿದೆ, ಮತ್ತೆ ಗಲ್ಲಿ ದಾಟಿದೆ. "ಅಜ್ಜಿ, ಅವನು ವ್ರತದಲ್ಲಿದ್ದಾನೆ. ಧಾನ್ಯ ಇಲ್ಲ, ಹಾಲಿಲ್ಲ, ಸಿಹಿ ಇಲ್ಲ."

ಅಜ್ಜಿ ಬೆಕ್ಕಿಗೆ ಕೈ ಮುಗಿದರು. ಅಂದಿನಿಂದ ಗಲ್ಲಿಯ ಒಂದು ಮನೆಯೂ ಒಂದು ಅಗುಳು ಹಾಕಲಿಲ್ಲ. ಹಾಗಾದರೆ ವ್ರತಕ್ಕೆ ತಿನ್ನುವುದು ಏನು ಅಂತ ಮಾತ್ರ ಯಾರೂ ಕೇಳಲಿಲ್ಲ. ಅದು ಕೃಷ್ಣನ ದಯೆ.

೪. ಮೀಟರು

ಸಕ್ಕರೆ ನೋಡುವ ಮೀಟರು ನಿಜಕ್ಕೂ ಯಜಮಾನರದ್ದು. ಅವರಿಗೂ ಹನ್ನೆರಡು ವರ್ಷದಿಂದ ಸಕ್ಕರೆ ಕಾಯಿಲೆ, ಆದರೆ ಬೆರಳು ಚುಚ್ಚಿಕೊಳ್ಳುವುದೆಂದರೆ ಅವರೂ ಬೀರು ಹತ್ತುವವರೇ. ಸುಮ್ಮನೆ ಬಿದ್ದಿದ್ದ ಮೀಟರಿನಲ್ಲಿ ನಾನು ಗುಂಡನ ಕಿವಿ ತುದಿಯ ರಕ್ತ ನೋಡುತ್ತಿದ್ದೆ. ಒಂದು ದಿನ ಅವರು ತಮ್ಮ ಡಾಕ್ಟರ ಬಳಿ ಹೋಗಿಬಂದವರು ಕೈಯಲ್ಲಿ ಅರ್ಧ ಕೆಜಿ ಮೈಸೂರ್ ಪಾಕ್ ಹಿಡಿದಿದ್ದರು. ಡಾಕ್ಟರು ಮೀಟರು ಒತ್ತಿ, ಅದರಲ್ಲಿ ಉಳಿದಿದ್ದ ಈಚಿನ ಲೆಕ್ಕವೆಲ್ಲ ನೋಡಿ, ಈ ವಯಸ್ಸಿನಲ್ಲಿ ಇಂಥ ಶಿಸ್ತು ನಾನು ಕಂಡಿಲ್ಲ ಅಂತ ಬೆನ್ನು ತಟ್ಟಿದರಂತೆ.

"ರೀ, ಅದು ಗುಂಡನದ್ದು ಅಂತ ಹೇಳ್ಲಿಲ್ವಾ?"

"ನಾನೇನೂ ಸುಳ್ಳು ಹೇಳ್ಲಿಲ್ಲ ಕಣೇ. ಮೀಟರ್ ಮೇಜಿನ ಮೇಲಿಟ್ಟೆ, ಅಷ್ಟೇ."

ಆಗಲೇ ಡಾಕ್ಟರಿಗೆ ಫೋನ್ ಮಾಡಿ ನಿಜ ಹೇಳಿದೆ. ಅವರು, ಯಜಮಾನರನ್ನು ನಾಳೆಯೇ ಕಳಿಸಿ ಅಂದರು, ಬೆಕ್ಕಿನ ಸಕ್ಕರೆ ಇಳಿಸಿದವರು ನೀವೇ ತಾನೇ, ಇನ್ನು ಇವರ ಪಥ್ಯವನ್ನೂ ನೀವೇ ನೋಡಿಕೊಳ್ಳಿ ಅಂದರು.

೫. ತುಲಾಭಾರ

ನಾಲ್ಕು ತಿಂಗಳು ಒಂದು ಹೊತ್ತೂ ತಪ್ಪಿಸಲಿಲ್ಲ. ನೆಂಟರ ಮದುವೆಯ ಊಟದಿಂದ ಎದ್ದು ಬಾಣಸವಾಡಿಯಿಂದ ಆಟೋ ಹಿಡಿದು ಆರಕ್ಕೆ ಮನೆ ಸೇರಿದ್ದೇನೆ. ಡಾಕ್ಟರಮ್ಮ ಇನ್ಸುಲಿನ್ ಸ್ವಲ್ಪ ಸ್ವಲ್ಪವೇ ಇಳಿಸುತ್ತಾ ಬಂದು, ಕೊನೆಗೊಂದು ದಿನ ಪೂರ್ತಿ ನಿಲ್ಲಿಸಿ ಎರಡು ವಾರ ನೋಡೋಣ ಅಂದರು. ಎರಡು ವಾರವೂ ಸಕ್ಕರೆ ಏರಲಿಲ್ಲ. "ಸದ್ಯಕ್ಕೆ ಸೂಜಿ ಬೇಡ ಆಂಟಿ, ಆದರೆ ಪಥ್ಯ ಅವನಿರೋ ತನಕ" ಅಂದಾಗ ಅವರ ಮೇಜಿನ ಮೇಲೆ ತಲೆ ಇಟ್ಟು ಅತ್ತುಬಿಟ್ಟೆ.

ಗುಡಿಯ ಅರ್ಚಕರು ಬೆಕ್ಕಿನ ತುಲಾಭಾರ ಅಂದದ್ದಕ್ಕೆ ಮೊದಲು ನಕ್ಕರು, ಕಥೆ ಪೂರ್ತಿ ಕೇಳಿದ ಮೇಲೆ ತಕ್ಕಡಿ ತೊಳೆಸಿದರು. ಗುಂಡ ತಟ್ಟೆಯಲ್ಲಿ ಕೂರುವವನಲ್ಲ, ಮೂರು ಸಲ ಹಾರಿದ. ಕೊನೆಗೆ ನಾನು ಹೇಳಿದಂತೆ ಅರ್ಚಕರು ಗಂಟೆ ಬಾರಿಸಿದರು. ತಕ್ಕಡಿಯಲ್ಲೇ ಕೂತು ಕಣ್ಣು ಅರೆ ಮುಚ್ಚಿದ. ಐದೂವರೆ ಕೆಜಿ ಸಕ್ಕರೆ ತೂಗಿತು. ಗಲ್ಲಿಯವರೆಲ್ಲ ಕೈ ಮುಗಿದರು, ಅಜ್ಜಿ ಕಣ್ಣೊರೆಸಿಕೊಂಡರು. ಸಕ್ಕರೆಯನ್ನು ಎಲ್ಲ ಮನೆಗೂ ಹಂಚಿ, ಹರಕೆ ತೀರಿತು ಕೃಷ್ಣಾ ಅಂತ ಹಗುರಾಗಿ ಮನೆಗೆ ಬಂದೆ.

ಮರುದಿನ ಬೆಳಿಗ್ಗೆ ಆರಕ್ಕೆ ಬಾಗಿಲು ತೆಗೆದರೆ ಅಜ್ಜಿ, ಅವರ ಹಿಂದೆ ಇಡೀ ಗಲ್ಲಿ. ಒಬ್ಬರ ಕೈಯಲ್ಲಿ ಕೇಸರಿಬಾತ್, ಒಬ್ಬರ ಕೈಯಲ್ಲಿ ರವೆ ಉಂಡೆ, ಅಜ್ಜಿಯದು ಪಾಯಸ.

"ವ್ರತ ಮುಗೀತಲ್ಲಮ್ಮ. ಅವನ ತೂಕದ ಸಕ್ಕರೆ, ಮೊದಲ ತುತ್ತು ಅವನದೇ."

ಬಾಗಿಲಿಗೆ ಅಡ್ಡ ನಿಂತೆ. "ಇನ್ನೊಂದು ವ್ರತ ಹಿಡಿದಿದ್ದಾನೆ ಅಜ್ಜಿ. ಇದು ಮುಗಿಯೋದಲ್ಲ."

ಅಜ್ಜಿ ಸ್ವಲ್ಪ ಯೋಚಿಸಿದರು. "ಹಾಗಾದ್ರೆ ನಿಮ್ಮೋರಿಗೆ ಕೊಡಮ್ಮ."

ಅಷ್ಟು ಹೇಳಿದ್ದೇ ತಡ, ಒಳಗೆ ದೇವರ ಮನೆಯಲ್ಲಿ ಗಂಟೆ ಕೇಳಿಸಿತು. ತಿರುಗಿ ನೋಡಿದರೆ ಕೃಷ್ಣನ ಮುಂದೆ ಇಬ್ಬರು ಪಕ್ಕಪಕ್ಕದಲ್ಲಿ ಕೂತಿದ್ದಾರೆ, ಗುಂಡ ಮತ್ತು ಗಂಟೆ ಇನ್ನೂ ಕೈಯಲ್ಲೇ ಹಿಡಿದ ನಮ್ಮ ಯಜಮಾನರು. ಇಬ್ಬರ ಕಣ್ಣೂ ಅರೆ ಮುಚ್ಚಿವೆ.

ಇಬ್ಬರಿಗೂ ತಟ್ಟೆ ಇಟ್ಟೆ. ಒಬ್ಬನಿಗೆ ಬೇಯಿಸಿದ ಕೋಳಿ, ಒಬ್ಬರಿಗೆ ಬೇಯಿಸಿದ ಹೀರೆಕಾಯಿ.