ಬಾಟಲಿಗೆ ಇಟ್ಟ ದೃಷ್ಟಿಬೊಟ್ಟು

ಸೂಕ್ಷ್ಮದರ್ಶಕದ ಮುಂದೆ ಕೂತವನಿಗೆ ನಗು ಎಲ್ಲಿಂದ ಬರುತ್ತೆ ಅಂತ ಜನ ಕೇಳುತ್ತಾರೆ. ಬಾಗಿಲಿಂದಲೇ ಬರುತ್ತೆ, ಕೈಯಲ್ಲಿ ಬಾಟಲಿ ಹಿಡಿದುಕೊಂಡು! ಕನ್ನಂಬಾಡಿ ಕಟ್ಟೆ ಹೊಸದಾಗಿ ತುಂಬಿದ ಕಾಲ. ಶ್ರೀರಂಗಪಟ್ಟಣದಲ್ಲಿ ನಾನು, ಆಪರೇಷನ್ನಿನಲ್ಲಿ ತೆಗೆದ ಚೂರುಗಳನ್ನು ಪರೀಕ್ಷಿಸುವ ಡಾಕ್ಟರು. ಈ ಮೂರು ಪ್ರಸಂಗವೂ ಒಬ್ಬಳೇ ತಾಯಿಯ ಕೃಪೆ.

೧. ಕಾಡಿಗೆ

ಚಿನಕುರಳಿಯ ರೈತನೊಬ್ಬನ ಹೊಟ್ಟೆ ಕೊಯ್ದು ಅಪೆಂಡಿಕ್ಸು ತೆಗೆದಿದ್ದರು. ಅದರ ತುದಿಯಲ್ಲಿ ಕಡಲೆಕಾಳಿನಷ್ಟು ಹಳದಿ ಗಂಟು. ಆಪರೇಷನ್ ಮಾಡಿದ ದೊಡ್ಡ ಡಾಕ್ಟರು "ಕ್ಯಾನ್ಸರು, ಆರು ತಿಂಗಳು" ಅಂತ ಬರೆದುಬಿಟ್ಟರು. ರೈತ ಮಲಗಿದಲ್ಲೇ ಎತ್ತು ಮಾರಿಬಿಡಿ ಅಂದ. ಅವನ ತಾಯಿ ಮಾತ್ರ ಗಂಟಿನ ಬಾಟಲಿ ಹಿಡಿದು ನನ್ನ ಹತ್ತಿರ ಬಂದಳು.

ನೋಡಿದರೆ, ಹೆಸರು ಬರೆದ ಚೀಟಿಯ ಮೇಲೆ ಗಂಟಿಗಿಂತ ದೊಡ್ಡದೊಂದು ಕಾಡಿಗೆ ಬೊಟ್ಟು.

"ಇದೇನಮ್ಮ?"

"ದಾರೀಲಿ ಎಲ್ರ ಕಣ್ಣೂ ಇದ್ರ ಮ್ಯಾಲೇ ಸ್ವಾಮಿ. ದೃಷ್ಟಿ ಆಗ್ಬುಟ್ರೆ?"

ಹೊಟ್ಟೆಯಿಂದಲೇ ಹೊರಬಿದ್ದ ಅಪೆಂಡಿಕ್ಸಿಗೆ ಇನ್ಯಾವ ಕೇಡು ಬಾಕಿ ಇತ್ತೋ, ನನಗಂತೂ ಹೊಳೆಯಲಿಲ್ಲ.

೨. ಬೆಳ್ಳಿ

ಗಂಟಿನ ತೆಳು ಪದರವನ್ನು ಗಾಜಿನ ಮೇಲಿಟ್ಟಾಗ ಕಂಡ ಜೀವಕೋಶಗಳು ಕ್ಯಾನ್ಸರಿನವುಗಳಂತೆ ಅಂಕೆ ತಪ್ಪಿರಲಿಲ್ಲ. ಎಲ್ಲವೂ ಒಂದೇ ಅಳತೆ, ಗುಂಪುಗುಂಪಾಗಿ ಶಿಸ್ತಾಗಿ ಕೂತಿದ್ದವು. ಕಾರ್ಸಿನಾಯ್ಡ್ ಅನ್ನುವ ಸಾಧು ಗಂಟಿರಬಹುದು ಅನ್ನಿಸಿತು. ಅದಾದರೆ, ಇಷ್ಟು ಚಿಕ್ಕದನ್ನು ಕೊಯ್ದು ತೆಗೆದ ಮೇಲೆ ಮನುಷ್ಯ ಬದುಕಿಕೊಳ್ಳುತ್ತಾನೆ. ಬೆಳ್ಳಿಯ ದ್ರಾವಣ ಹಾಕಿದಾಗ ಕೋಶದೊಳಗೆ ಕಪ್ಪು ಚುಕ್ಕೆ ಮೂಡಿದರೆ ಖಾತ್ರಿ. ಓದಿದ್ದೆ, ಮಾಡಿರಲಿಲ್ಲ.

"ಬೆಳ್ಳಿ ಹಾಕಿ ನೋಡ್ಬೇಕಮ್ಮ" ಅಂದೆ. ಆಕೆ ತನ್ನ ಕಾಲ್ಗಡಗ ಕಳಚಿ ಮೇಜಿನ ಮೇಲಿಟ್ಟಳು. ಬೇಡ, ನಮ್ಮದು ಸೀಸೆಯಲ್ಲಿ ಬರುತ್ತೆ ಅಂದರೆ ಆಕೆಗೆ ಅನುಮಾನ ಬಂತು.

"ಸೀಸೆ ಬೆಳ್ಳಿಯಾ? ಯಾರಾದ್ರೂ ಅಕ್ಕಸಾಲಿಗೆ ತೋರ್ಸಿದ್ದೀರಾ?"

೩. ಚುಕ್ಕೆ

ಮರುದಿನ ಕಿಟಕಿಗೆ ಬಿಸಿಲು ಬಂದ ಕೂಡಲೇ, ಬೆಳ್ಳಿ ಹಾಕಿಟ್ಟ ಗಾಜನ್ನು ಬಗ್ಗಿ ನೋಡಿದೆ. ಕಪ್ಪು ಚುಕ್ಕೆ! ಕೋಶ ಕೋಶದಲ್ಲೂ! ಗೆದ್ದೆ ಅಂತ ಕೂಗಿಯೇಬಿಟ್ಟೆ. ದೊಡ್ಡ ಡಾಕ್ಟರು ಬಂದು ನೋಡಿದರು, ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ನೋಡಿದರು, ಕೊನೆಗೆ ಆ "ಆರು ತಿಂಗಳ"ನ್ನು ತಾವೇ ಹೊಡೆದುಹಾಕಿದರು. ನನ್ನ ಜನ್ಮದಲ್ಲಿ ಅಷ್ಟು ಸಂತೋಷ ಪಟ್ಟಿರಲಿಲ್ಲ.

ತಾಯಿಗೂ ತೋರಿಸಿದೆ. "ಕಪ್ಪಗೆ ಕಾಣುತ್ತಾ? ಅದು ಇರೋದ್ರಿಂದಲೇ ನಿಮ್ಮ ಮಗ ಉಳಿದ."

ಆಕೆ ಕಣ್ಣೊರೆಸಿಕೊಂಡು ದೊಡ್ಡ ಡಾಕ್ಟರ ಕಡೆ ತಿರುಗಿದಳು. "ನೋಡುದ್ರಾ ಸ್ವಾಮಿ, ನಾನಿಕ್ಕಿದ ಬೊಟ್ಟು ಒಳಕ್ಕೇ ಇಳಿದದೆ! ಎತ್ತು ಮಾರ್ಬ್ಯಾಡ ಅಂತ ಮಗಂಗೆ ಯೋಳ್ತೀನಿ."

ಬೆಳ್ಳಿಯ ಮಹಿಮೆ ವಿವರಿಸಲು ಹೋದೆ, ಆಕೆ ಆಗಲೇ ಬಾಗಿಲು ದಾಟಿದ್ದಳು. ಮುಂದಿನ ವಾರ ದೊಡ್ಡ ಡಾಕ್ಟರು ಇನ್ನೊಬ್ಬ ರೋಗಿಯ ಬಾಟಲಿ ಕಳಿಸಿದರು. ಚೀಟಿಯ ಮೇಲೆ ಅವರದೇ ಅಕ್ಷರ. ಪಕ್ಕದಲ್ಲಿ, ಹೆಸರಿಗೆ ತಾಗದ ಹಾಗೆ, ಸಾಸಿವೆಯಷ್ಟೇ ಒಂದು ಕಾಡಿಗೆ ಬೊಟ್ಟು.