ಶಹಾಪುರದ ಕುರ್ಚಿ ಮತ್ತು ಹೋಗಿ ಬರುವ ಟನಲ್

ಅಂದು ಶಹಾಪುರದ ನಮ್ಮ ಟೆಲಿಫೋನ್ ಕಚೇರಿಯ ಯಂತ್ರಗಳ ಕೋಣೆಯಲ್ಲಿ ನಾವು ಮೂವರಿದ್ದೆವು. ಗೋಡೆಗೆ ಮುಖ ಮಾಡಿ ಯಾದಗಿರಿ ಕಚೇರಿಯ ನಾನು, ಕಿಟಕಿಗೆ ಮುಖ ಮಾಡಿ ಸುರಪುರ ಕಚೇರಿಯ ಹಣಮಂತರಾಯ, ನಡುವೆ ಕಬ್ಬಿಣದ ಕುರ್ಚಿಯಲ್ಲಿ ನಮ್ಮ ಮೇಲಧಿಕಾರಿ ಖಾದರ್ ಸಾಹೇಬರು. ಕಿಟಕಿ ಅವನಿಗೆ ಸಿಕ್ಕಿತ್ತು, ಗೋಡೆ ನನಗೆ ಸಿಕ್ಕಿತ್ತು ಎಂಬುದನ್ನು ಓದುಗರು ದಯವಿಟ್ಟು ಗಮನಿಸಬೇಕು. ಅವನು ಮೊದಲು ಬಂದು ಕೂತಿದ್ದ, ಅದಕ್ಕೇ ಸಿಕ್ಕಿತು ಎಂದು ನೀವು ಹೇಳಬಹುದು. ಆದರೆ ಹೊಟ್ಟೆಕಿಚ್ಚಿಗೆ ಇಂಥ ನ್ಯಾಯವಾದ ವಿವರಣೆಗಳು ಯಾವತ್ತೂ ರುಚಿಸುವುದಿಲ್ಲ. ಹೊಟ್ಟೆಕಿಚ್ಚು ಬೇರೆ ರೋಗಗಳ ಹಾಗಲ್ಲ ನೋಡಿ. ಜ್ವರ ಬಂದರೆ ನಾಲ್ಕು ಮಂದಿ ಮೊಸಂಬಿ ಹಿಡಿದುಕೊಂಡು ಬಂದು ಮಾತಾಡಿಸಿ ಹೋಗುತ್ತಾರೆ. ಇದು ಬಂದರೆ ಯಾರಿಗೂ ಹೇಳುವಂತಿಲ್ಲ; ಮೇಲಾಗಿ ರೋಗ ತಂದಿಟ್ಟವನಿಗೆ ನಾವೇ ನಗುನಗುತ್ತ ಚಹಾ ತರಿಸಬೇಕು.

ಆವತ್ತಿನ ನನ್ನ ಸಂಕಟಕ್ಕೆ ಕಾರಣವಿತ್ತು. ಶಹಾಪುರದ ಕಚೇರಿಯನ್ನು ನೋಡಿಕೊಳ್ಳುತ್ತಿದ್ದ ಹಿರಿಯರು ನಿವೃತ್ತರಾಗಿ ಅವರ ಕುರ್ಚಿ ಖಾಲಿ ಬಿದ್ದಿತ್ತು. ನನ್ನ ಹೆಂಡತಿ ಗಿರಿಜಾ ಶಹಾಪುರದಲ್ಲೇ ಶಾಲೆಯ ಟೀಚರು, ಮನೆ ಅಲ್ಲೇ. ನಾನು ಮಾತ್ರ ದಿನಾ ಬೆಳಿಗ್ಗೆ ರೊಟ್ಟಿ ಕಟ್ಟಿಕೊಂಡು ಬಸ್ಸಿನ ಬಾಗಿಲಲ್ಲಿ ಜೋತಾಡುತ್ತ ಯಾದಗಿರಿಗೆ ಹೋಗಿ, ಸಂಜೆ ಅದೇ ಬಾಗಿಲಲ್ಲಿ ಜೋತಾಡುತ್ತ ಬರುವವನು. ಆ ಕುರ್ಚಿ ಸಿಕ್ಕರೆ ಮಧ್ಯಾಹ್ನ ಮನೆಗೆ ನಡೆದು ಹೋಗಿ ಬಿಸಿ ಊಟ ಮಾಡಿ, ಹತ್ತು ನಿಮಿಷ ಕಣ್ಣು ಮುಚ್ಚಬಹುದು. ಮನುಷ್ಯನಿಗೆ ಸ್ವರ್ಗ ಅಂದರೆ ಇನ್ನೇನು? ಆದರೆ ಹಣಮಂತರಾಯನ ಮಗಳಿಗೆ ಶಹಾಪುರದ ಕಾಲೇಜಿನಲ್ಲಿ ಸೀಟು ಸಿಕ್ಕಿ, ಅವನಿಗೂ ಅದೇ ಕುರ್ಚಿಯ ಮೇಲೆ ಕಣ್ಣು ಬಿದ್ದಿತ್ತು. ಸಾಹೇಬರು ಇಬ್ಬರ ಮುಖವನ್ನೂ ನೋಡಿ, "ಮೊದಲ ಈ ಕೆಲಸ ಮುಗಸ್ರಿ. ಕುರ್ಚಿ ಯಾರದು ಅಂತ ಆಮ್ಯಾಲ ನಾ ಹೇಳ್ತೀನಿ" ಎಂದಿದ್ದರು.

ಹಣಮಂತರಾಯ ಕೆಟ್ಟವನಾಗಿದ್ದರೆ ಎಷ್ಟು ಅನುಕೂಲವಿತ್ತು! ಆದರೆ ಅವನು ಒಳ್ಳೆಯವನು, ಅದೇ ನನಗೆ ಸಹಿಸಲಾಗದ ಗುಣ. ನನ್ನ ವಯಸ್ಸಿನವನೇ ಆದರೂ ತಲೆಯಲ್ಲಿ ಒಂದು ಬಿಳಿ ಕೂದಲಿಲ್ಲ. ಸುರಪುರದ ರಂಗಂಪೇಟೆಯ ಅವನ ಮನೆಯಿಂದ ಹಬ್ಬಕ್ಕೊಮ್ಮೆ ನಮಗೆ ಶೇಂಗಾ ಹೋಳಿಗೆ ಬರುತ್ತದೆ. ಗಿರಿಜಾ ಅದನ್ನು ತಿನ್ನುತ್ತ, "ಹಣಮಂತರಾಯ್ರು ಎಷ್ಟ್ ಚಂದ ಮಾತಾಡ್ತಾರ ನೋಡ್ರಿ, ನೀವೂ ಅದೀರಿ" ಎನ್ನುತ್ತಾಳೆ. ಇಷ್ಟು ಸಾಲದೆಂಬಂತೆ ಅವನ ಹೊಲ ಕಾಲುವೆಯ ತಲೆಯ ಕಡೆ ಇದೆ, ಸಗರದ ನಮ್ಮ ಹೊಲ ಬಾಲದ ಕಡೆ. ಕಾಲುವೆಗೆ ನೀರು ಬಿಟ್ಟರೆ ಅವನ ಭತ್ತ ಮೊಣಕಾಲೆತ್ತರ ಬೆಳೆದ ಮೇಲೆ ನಮ್ಮಲ್ಲಿಗೆ ನೀರಿನ ಸುದ್ದಿ ಬರುತ್ತದೆ, ನೀರು ಬರುವುದಿಲ್ಲ. ನಮ್ಮ ಮುತ್ಯಾ, ಅಂದರೆ ಅಜ್ಜ, ಬದುವಿನ ಮೇಲೆ ನಿಂತು, "ಮ್ಯಾಲಿನವರ ಹೊಲದಾಗ ನೀರು ನಿಂತ್ರ ನಮ್ಮ ಹೊಟ್ಟ್ಯಾಗ ಒಲಿ ಹತ್ತತೈತಿ" ಎನ್ನುತ್ತಿದ್ದರು. ಹೊಲದ ಜೊತೆ ಆ ಒಲೆಯೂ ನನಗೆ ಪಿತ್ರಾರ್ಜಿತವಾಗಿ ಬಂದಿದೆ.

ಇನ್ನು ಆ ಕೆಲಸದ ಮಾತು. ಸುರಪುರದ ಆಸ್ಪತ್ರೆಯವರು ಯಾದಗಿರಿಯ ದೊಡ್ಡ ಡಾಕ್ಟರರ ಜೊತೆ ಪರದೆಯ ಮೇಲೆ ಮುಖ ನೋಡಿ ಮಾತಾಡುವ ಏರ್ಪಾಡು ಮಾಡಿಕೊಂಡಿದ್ದರು. ಅದಕ್ಕೆ ಎರಡೂ ಊರಿನ ರೂಟರುಗಳ ನಡುವೆ ನಾವು ಟನಲ್ ಹಾಕಬೇಕಿತ್ತು. ರೂಟರ್ ಎಂದರೆ ಮಾತು, ಚಿತ್ರ ಎಲ್ಲವನ್ನೂ ದಾರಿಗೆ ಹಚ್ಚುವ ಪೆಟ್ಟಿಗೆ. ಅದರ ಪಾಡಿಗೆ ಬಿಟ್ಟರೆ ಖಾಲಿ ಆಟೋದ ಹಾಗೆ ತನಗೆ ತೋಚಿದ ಓಣಿಯಲ್ಲಿ ನುಗ್ಗುತ್ತದೆ. ಹಾಗಾಗದಂತೆ, ಇಂಥ ದಾರಿಯಲ್ಲೇ ಹೋಗು, ಇಷ್ಟು ಅಗಲ ನಿನಗೇ ಮೀಸಲು ಎಂದು ಕಟ್ಟುಮಾಡಿ ಕೊಡುವುದೇ ಟನಲ್. ಕಾಲುವೆಯಲ್ಲಿ ಹೋದ ನೀರು ತಿರುಗಿ ಬಂದದ್ದನ್ನು ಯಾರೂ ಕಂಡಿಲ್ಲ. ಇಲ್ಲಿ ಹೋದದ್ದು ತಿರುಗಿ ಬರಲೇಬೇಕು. ಆದ್ದರಿಂದ ಯಾದಗಿರಿಯ ಪೆಟ್ಟಿಗೆಯಲ್ಲಿ ನಾನೊಂದು, ಸುರಪುರದ ಪೆಟ್ಟಿಗೆಯಲ್ಲಿ ಅವನೊಂದು ಟನಲ್ ಬರೆದು, ಎರಡನ್ನೂ ಗಂಟು ಹಾಕಬೇಕು. ಗಂಟು ಬೀಳಬೇಕಾದರೆ ಜೋಡಿಗೆ ಒಬ್ಬ ಯಜಮಾನ ಬೇಕು. ಎರಡು ರೂಟರುಗಳಲ್ಲಿ ಯಾವುದಾದರೂ ಒಂದರ ಅಡ್ರೆಸ್ಸನ್ನು ಯಜಮಾನನದೆಂದು ಎರಡೂ ಕಡೆ ಒಂದೇ ರೀತಿ ಬರೆಯಬೇಕು. ಯಾರದಾದರೂ ನಡೆಯುತ್ತದೆ, ಒಂದೇ ಇರಬೇಕು, ಅಷ್ಟೆ. ಕುಳಿತಲ್ಲಿಂದಲೇ ಲ್ಯಾಪ್‌ಟಾಪಿನಲ್ಲಿ ನಮ್ಮ ನಮ್ಮ ರೂಟರಿನೊಳಗೆ ಹೊಕ್ಕು ಮಾಡುವ ಕೆಲಸ.

ಯಜಮಾನ ಯಾರೆಂದು ಅವನನ್ನು ಕೇಳಬೇಕೆಂದು ನನಗೆ ಅನ್ನಿಸಲೇ ಇಲ್ಲ. ಜಿಲ್ಲೆಯ ಊರು ಯಾವುದು? ಯಾದಗಿರಿ. ಅಂದ ಮೇಲೆ ಕೇಳುವುದೇನು? ನನ್ನ ಅಡ್ರೆಸ್ಸನ್ನು ಬರೆದು ಬೆರಳು ಮಡಚಿ ಕುಳಿತೆ. ಬೆನ್ನ ಹಿಂದೆ ಹಣಮಂತರಾಯ, ರಾಜರಾಳಿದ ಊರು ತನ್ನದೆಂದುಕೊಂಡು ಸುರಪುರದ ಅಡ್ರೆಸ್ಸನ್ನೇ ಬರೆದು ಕೂತಿದ್ದ. ಎರಡೂ ಟನಲ್ ಜೀವಂತವಾಗಿದ್ದವು, ಆದರೆ ಒಂದಕ್ಕೊಂದು ಗುರುತಿಲ್ಲ. ಯಾದಗಿರಿಯಿಂದ ಹೋದದ್ದು ಶಹಾಪುರದ ಮೇಲೆ ನೆಟ್ಟಗೆ ಹೋಗುತ್ತಿತ್ತು, ಸುರಪುರದಿಂದ ಬರುವುದು ರಾಯಚೂರು ಸುತ್ತಿ ಆರಾಮಾಗಿ ಬರುತ್ತಿತ್ತು. ಪರದೆಯ ಮೇಲೆ ಡಾಕ್ಟರರು ಪ್ರಶ್ನೆ ಕೇಳಿ ಮುಗಿಸಿ ಬೇರೆ ಪ್ರಶ್ನೆ ಶುರು ಮಾಡಿದ ಮೇಲೆ ಮೊದಲನೆಯದಕ್ಕೆ ಉತ್ತರ ಬರುತ್ತಿತ್ತು.

ಸಾಹೇಬರು ಎದ್ದು ಎರಡೂ ಪರದೆ ನೋಡಿದರು. "ಅರೇ ಭಾಯಿ, ಇದೇನು? ಒಂದ ಮನಿಗೆ ಇಬ್ರು ಯಜಮಾನ್ರೇನ್ರಿ? ಶಾಣ್ಯಾ ಮಂದಿ ಅದೀರಿ, ಒಬ್ರ ಮುಖ ಒಬ್ರು ನೋಡಿ ಮಾತಾಡಾಕ ಬರಂಗಿಲ್ಲೇನು?" ಎಂದು ಹೇಳಿ, ನಮಾಜಿಗೆ ಹೊರಟುಹೋದರು.

ನಮ್ಮ ಸೀಮೆಯ ಒಂದು ರಿವಾಜನ್ನು ಇಲ್ಲಿ ಹೇಳಬೇಕು. ನಾವು ಮಾತಿನಲ್ಲಿ ಒರಟರೆಂದು ದಕ್ಷಿಣದವರು ಹೆದರುತ್ತಾರೆ. ಆದರೆ ನಿಜಾಮನ ಕಾಲದ ಅದಬು, ಅಂದರೆ ಮರ್ಯಾದೆಯ ನಡವಳಿಕೆ, ನಮ್ಮ ಎಲುಬಿನಲ್ಲಿದೆ. ಬಸ್ಸಿನ ಬಾಗಿಲಲ್ಲಿ ಇಬ್ಬರು ಹಿರಿಯರು "ನೀವು ಹತ್ರಿ", "ಇಲ್ರಿ, ಮೊದಲ ನೀವು" ಎಂದು ಕೈ ಚಾಚಿ ನಿಂತಿರುವಾಗ ಬಸ್ಸು ಇಬ್ಬರನ್ನೂ ಬಿಟ್ಟು ಹೋದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆ ಅದಬು ಈಗ ನನ್ನಲ್ಲಿ ಎಚ್ಚೆತ್ತಿತು. ಸಾಹೇಬರೆದುರು ದೊಡ್ಡ ಮನಸ್ಸಿನವನು ಯಾರೆಂದು ತೋರಿಸಿದರೆ ಕುರ್ಚಿ ನನ್ನದೇ ಅಲ್ಲವೇ? ಸದ್ದಿಲ್ಲದೆ ನನ್ನ ಅಡ್ರೆಸ್ಸನ್ನು ಅಳಿಸಿ, ಸುರಪುರದ್ದನ್ನು ಬರೆದೆ. ಅವರು ಮರಳಿ ಬಂದಾಗ, "ಸಾಹೇಬ್ರ, ನಾ ಬಿಟ್ಟುಕೊಟ್ಟೀನ್ರಿ. ಸುರಪುರದ್ದೇ ಇರ್ಲಿ" ಎಂದೆ.

"ಹಂಗನಬ್ಯಾಡ್ರಿ!" ಎಂದು ಕಿಟಕಿಯ ಕಡೆಯಿಂದ ದನಿ ಬಂತು. "ನಾ ಆಗಲೇ ನಮ್ಮದು ತಗದು ಯಾದಗಿರಿದು ಹಾಕೀನ್ರಿ."

ಈ ಸಲವೂ ಟನಲ್ ಗಂಟು ಬೀಳಲಿಲ್ಲ. ಮೊದಲು ಇಬ್ಬರೂ ನಮ್ಮ ನಮ್ಮದೇ ಬರೆದಿದ್ದೆವು, ಈಗ ಇಬ್ಬರೂ ಇನ್ನೊಬ್ಬನದು. ನನಗೆ ಮಾತ್ರ ಟನಲ್ಲಿನ ಚಿಂತೆಯಿರಲಿಲ್ಲ. ಇವನು ನನಗಿಂತ ಮೊದಲೇ ಬಿಟ್ಟುಕೊಟ್ಟನಲ್ಲ! ಕಿಟಕಿ ಅವನದು, ಕಪ್ಪು ಕೂದಲು ಅವನದು, ಕಾಲುವೆಯ ತಲೆ ಅವನದು; ಈಗ ತ್ಯಾಗವೂ ಅವನದೇ ಆಗಬೇಕೇ?

"ಇಲ್ರಿ ಹಣಮಂತರಾಯ್ರ, ನಿಮ್ಮದೇ ಇರ್ಬೇಕು" ಎಂದೆ.

"ನೀವು ಹಿರೇರು, ನಿಮ್ಮದಿರ್ಲಿ ಬಿಡ್ರಿ."

"ಹಿರೇರು ಅಂತೀರಿ, ಹಿರೇರ ಮಾತು ಕೇಳಂಗಿಲ್ಲ. ಇದೇನ ನ್ಯಾಯ?"

"ಊರು ದೊಡ್ಡದು ನಿಮ್ದರಿ."

"ಮನಸು ದೊಡ್ಡದು ನಿಮ್ದು. ಅದಕ್ಕ ನಿಮಗೇ ಇರ್ಲಿ. ನನಗ ಏನೂ ಬ್ಯಾಡ. ಎಲ್ಲಾ ನೀವೇ ತಗೊಳ್ರಿ!"

ಕಡೆಯ ಮಾತನ್ನು ನಾನು ಎದ್ದು ನಿಂತು, ಎದೆಯ ಮೇಲೆ ಕೈಯಿಟ್ಟು ಹೇಳಿದೆ. ಅದಕ್ಕಿಂತ ಮೇಲೆ ಹೋಗುವ ದಾರಿ ಹಣಮಂತರಾಯನಿಗೂ ಸಿಗಲಿಲ್ಲ. ತಲೆ ತಗ್ಗಿಸಿ ಸುರಪುರದ ಅಡ್ರೆಸ್ಸನ್ನು ಮತ್ತೆ ಬರೆದ. ಎರಡೂ ಟನಲ್‌ಗಳು ಗಂಟುಬಿದ್ದು, ಹೋದದ್ದು ಅದೇ ದಾರಿಯಲ್ಲಿ ತಿರುಗಿ ಬರತೊಡಗಿತು. ಡಾಕ್ಟರರು ಕೇಳಿದ್ದಕ್ಕೆ ಸುರಪುರದ ನರ್ಸಮ್ಮ ಆ ಕ್ಷಣವೇ "ಹೌದ್ರಿ" ಎಂದದ್ದು ಪರದೆಯಲ್ಲಿ ಕೇಳಿಸಿತು. ಸಾಹೇಬರು ನನ್ನ ಹೆಗಲ ಮೇಲೆ ಕೈಯಿಟ್ಟು, "ದಿಲ್ ಖುಷ್ ಆತು ನೋಡ್ರಿ" ಎಂದರು. ನಾನು ಗೆದ್ದೆ. ಮನೆಗೆ ಹೋಗಿ ಗಿರಿಜಾಳಿಗೆ, "ಇನ್ನ ಮುಂದ ಮಧ್ಯಾಹ್ನ ರೊಟ್ಟಿ ಬಿಸೀವ ಇರ್ಲಿ" ಎಂದೂ ಹೇಳಿಬಿಟ್ಟೆ.

ಮುಂದಿನ ವಾರ ಸಾಹೇಬರು ಫೋನ್ ಮಾಡಿದರು. "ಶಹಾಪುರಕ್ಕ ಹಣಮಂತರಾಯ್ರನ್ನ ಹಾಕೀನ್ರಿ. ಭಾಳ ತೊಳಲಾಟ ಇತ್ತು ನನಗ. ಆದ್ರ ಅವತ್ತ ನೀವು 'ನನಗ ಏನೂ ಬ್ಯಾಡ, ಎಲ್ಲಾ ಅವರಿಗೇ ಇರ್ಲಿ' ಅಂದದ್ದು ಕೇಳಿ ನನಗ ಧೈರ್ಯ ಬಂತು. ನೀವು ಬ್ಯಾಸರ ಮಾಡ್ಕೊಳ್ಳಾವ್ರಲ್ಲ."

"ಛೆ ಛೆ, ಬ್ಯಾಸರ ಯಾಕ್ರಿ" ಎಂದೆ. ಅದಬು ಅಲ್ಲವೇ.

ಹಣಮಂತರಾಯ ಸಂಸಾರ ಸಮೇತ ಬಂದು ನಮ್ಮ ಓಣಿಯಲ್ಲೇ ಮನೆ ಹಿಡಿದ. ಮನೆ ಹುಡುಕಿಕೊಟ್ಟವನು ನಾನೇ. ಮೊದಲ ದಿನ ಬೆಳಿಗ್ಗೆ ನಾನು ಬಸ್ಸಿಗೆ ಹೊರಟಾಗ ಅವನು ಬನಿಯನ್ನಿನಲ್ಲಿ ಕಟ್ಟೆಯ ಮೇಲೆ ಕೂತು ಚಹಾ ಕುಡಿಯುತ್ತಿದ್ದ. "ಇಷ್ಟ್ ಲಗೂ ಹೊಂಟ್ರೇನ್ರಿ? ಬರ್ರಿ, ಚಹಾ ಕುಡುದು ಹೋಗೀರಂತ" ಎಂದು ಕರೆದ. ಕುಡಿದು ಹೋದೆ. ಚಹಾ ಚೆನ್ನಾಗಿತ್ತು. ಬಸ್ಸು ತಪ್ಪಿತು.